ಹೈಸ್ಕೂಲು ಕೊಡುಗೆಯೋ, ಊರ ಪಾಲೋ?

ಹಳ್ಳಿಯ ಹೈಸ್ಕೂಲಿನ ಚರಿತ್ರೆಯನ್ನು ಯಾರಾದರೂ ಬರೆಯುವುದಿದ್ದರೆ ಅದು ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ. ಸ್ಥಾಪಕರ ಭಾವಚಿತ್ರ, ಜಾಗ ಬಿಟ್ಟುಕೊಟ್ಟವರ ಹೆಸರು, ಮುಖ್ಯೋಪಾಧ್ಯಾಯರ ಪಟ್ಟಿ, ನಡುನಡುವೆ ಊರ ಅಂಗಡಿಗಳ ಶುಭಾಶಯದ ಜಾಹೀರಾತು. ಯಾರೋ ದೊಡ್ಡವರು ಮನಸ್ಸು ಮಾಡಿದರು, ಊರಿಗೆ ಶಾಲೆ ಬಂತು ಎಂಬ ಭಾವ ಓದಿದವರಲ್ಲಿ ಉಳಿಯುತ್ತದೆ. ಇದು ಸುಳ್ಳಲ್ಲ, ಆದರೆ ಅರ್ಧ ಚರಿತ್ರೆ. ಉಳಿದರ್ಧವನ್ನು ಹುಡುಕಿದರೆ, ಹೈಸ್ಕೂಲು ಊರಿನವರು ಕೇಳಿ, ಕಾಡಿ, ಹೆಗಲು ಕೊಟ್ಟು ಪಡೆದ ಪಾಲಾಗಿ ಕಾಣುತ್ತದೆ. ಕೊಡುಗೆಯನ್ನು ಕೊಟ್ಟವರೇ ಹಿಂದಕ್ಕೆ ತೆಗೆದುಕೊಂಡರೆ ಯಾರೂ ತುಟಿ ಬಿಚ್ಚುವಂತಿಲ್ಲ. ಪಾಲಿನ ವಿಷಯ ಹಾಗಲ್ಲ, ಅದಕ್ಕೆ ಹಕ್ಕುದಾರರಿರುತ್ತಾರೆ. ಶಾಲೆಗಳ ವಿಲೀನದ ಮಾತು ಕೇಳಿಬರುತ್ತಿರುವ ಈ ಹೊತ್ತಿನಲ್ಲಿ ಹೈಸ್ಕೂಲು ಇವೆರಡರಲ್ಲಿ ಯಾವುದು ಎಂದು ತೀರ್ಮಾನಿಸಿಕೊಳ್ಳಬೇಕಾಗಿದೆ.

ಉತ್ತರ ಕನ್ನಡ ಜಿಲ್ಲೆಯನ್ನೇ ನೋಡಿ. 1862ರಿಂದ 1956ರವರೆಗೆ ಅದು ಮುಂಬಯಿ ಆಡಳಿತದಲ್ಲಿತ್ತು. ಅಲ್ಲಿನ ಶಿಕ್ಷಣಕ್ಕೆ ಎರಡು ಏಣಿಗಳು. ಕನ್ನಡ ಶಾಲೆಯಲ್ಲೇ ಮುಂದುವರಿದವನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಮುಗಿಸಿ, ಅದೃಷ್ಟವಿದ್ದರೆ ಮಾಸ್ತರಿಕೆ ಹಿಡಿಯುತ್ತಿದ್ದ. ಮೆಟ್ರಿಕ್‌ನ ಏಣಿಯೇ ಬೇರೆ. ಅದನ್ನು ಹತ್ತಬೇಕಾದವನು ನಾಲ್ಕನೆಯ ಇಯತ್ತೆಯ ನಂತರವೇ ದಾರಿ ಬದಲಿಸಿ ಇಂಗ್ಲಿಷ್ ಶಾಲೆ ಸೇರಬೇಕು. ಅಂಥ ಶಾಲೆ ಇದ್ದದ್ದು ಕಾರವಾರ, ಕುಮಟಾದಂಥ ಪೇಟೆಗಳಲ್ಲಿ. ಅಂದರೆ ಹತ್ತು-ಹನ್ನೊಂದು ವರ್ಷದ ಹುಡುಗನಿಗೆ ಪೇಟೆಯಲ್ಲಿ ಅನ್ನ ಹಾಕುವ ನೆಂಟರಿದ್ದಾರೆಯೇ ಎಂಬುದರ ಮೇಲೆ ಅವನ ಹಣೆಬರಹ ನಿರ್ಧಾರವಾಗುತ್ತಿತ್ತು. ಹುಡುಗಿಯ ವಿಷಯದಲ್ಲಿ ಈ ಪ್ರಶ್ನೆ ಏಳುತ್ತಲೇ ಇರಲಿಲ್ಲ. ಇದರ ಮೇಲೆ ಭೂಗೋಳ ಬೇರೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಈ ಕರಾವಳಿಯನ್ನು ತುಂಡು ತುಂಡಾಗಿ ಕತ್ತರಿಸಿವೆ. ಕಾರವಾರದ ಬಳಿ ಕಾಳಿಗೆ ಸೇತುವೆ ಬಂದದ್ದೇ 1980ರ ದಶಕದಲ್ಲಿ, ಅಲ್ಲಿಯವರೆಗೂ ದಾಟಲು ತಾರಿ ದೋಣಿಯೇ ಗತಿ. ನಮ್ಮ ಶಾಲೆಗಳು ಬಾಗಿಲು ತೆರೆಯುವುದು ಜೂನ್‌ನಲ್ಲಿ, ಹೊಳೆಗಳು ಕೆಂಪಗೆ ಉಕ್ಕುವುದೂ ಜೂನ್‌ನಲ್ಲೇ. ನಕ್ಷೆಯ ಮೇಲೆ ಎರಡು ಮೈಲಿಯಾದದ್ದು ಮಳೆಗಾಲದಲ್ಲಿ ಎಷ್ಟು ಮೈಲಿಯಾಗುತ್ತಿತ್ತು ಎಂಬುದನ್ನು ಯಾವ ಇಲಾಖೆಯೂ ಅಳೆದಿರಲಾರದು.

ಈ ಜಿಲ್ಲೆಯಲ್ಲಿ 1953ರಲ್ಲಿ ದಿನಕರ ದೇಸಾಯಿಯವರು ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿದರು. ಕನ್ನಡಿಗರಿಗೆ ಅವರು ಚುಟುಕಗಳ ಕವಿಯಾಗಿ ಪರಿಚಿತರು. ಆ ಪರಿಚಯ ಅವರ ಉಳಿದ ಕೆಲಸವನ್ನು ಸ್ವಲ್ಪ ಮರೆಮಾಡಿದೆಯೇನೋ. ಅವರು ಗೋಖಲೆಯವರ ಭಾರತ ಸೇವಕ ಸಮಾಜದ ಸದಸ್ಯರು, ಮುಂಬಯಿಯಲ್ಲಿ ಹಡಗು ಕಾರ್ಮಿಕರ ಸಂಘಟಕರು, ಊರಿನ ಕಡೆ ಗೇಣಿದಾರರ ಚಳವಳಿಯ ಮುಂದಾಳು. ಆ ಚಳವಳಿಗಾಗಿಯೇ 1940ರ ದಶಕದಲ್ಲಿ ಜಿಲ್ಲೆಯಿಂದ ಗಡೀಪಾರಾದವರು. ಮೊದಲು ರೈತ ಚಳವಳಿ, ಆಮೇಲೆ ಹೈಸ್ಕೂಲು: ಈ ಅನುಕ್ರಮಕ್ಕೆ ಅರ್ಥವಿದೆ. ಗೇಣಿಯ ಲೆಕ್ಕ, ರಸೀದಿ, ಪಹಣಿ, ನೋಟೀಸು ಎಲ್ಲವೂ ಕಾಗದದ ವ್ಯವಹಾರ. 1948ರ ಮುಂಬಯಿ ಗೇಣಿ ಕಾಯ್ದೆ ಹಕ್ಕು ಕೊಟ್ಟರೂ ಅದನ್ನು ದಕ್ಕಿಸಿಕೊಳ್ಳಲು ಕಾಗದ ಓದಬಲ್ಲವರು ಮನೆಯಲ್ಲೇ ಇರಬೇಕು. ಗದ್ದೆಗಾಗಿ ಒಟ್ಟಾದ ಜನರಿಗೆ ಶಾಲೆ ಅದೇ ಹೋರಾಟದ ಮುಂದಿನ ಹೆಜ್ಜೆಯಾಗಿ ಕಂಡಿರಬೇಕು ಎಂದು ನಾನು ಭಾವಿಸುತ್ತೇನೆ. ಟ್ರಸ್ಟಿನ ಹಲವು ಶಾಲೆಗಳಿಗೆ, ಭಟ್ಕಳ ತಾಲ್ಲೂಕಿನ ಶಿರಾಲಿಯದೂ ಸೇರಿ, ಇಟ್ಟ ಹೆಸರು ‘ಜನತಾ ವಿದ್ಯಾಲಯ’. ಆ ಹೆಸರಿನಲ್ಲಿ ದಾನಿಯಿಲ್ಲ, ದೇವರಿಲ್ಲ.

ಇಷ್ಟಾದರೂ ಒಂದು ತಕರಾರು ಬಂದೇ ಬರುತ್ತದೆ. ದೇಸಾಯಿಯವರಂಥ ಒಬ್ಬ ವ್ಯಕ್ತಿ ಇಲ್ಲದಿದ್ದರೆ ಇದಾಗುತ್ತಿತ್ತೇ? ಇನ್ನೊಂದು ತಕರಾರು ತದ್ವಿರುದ್ಧ ದಿಕ್ಕಿನದು: ಖಾಸಗಿ ಸಂಸ್ಥೆಗಳು ಹೆಸರು ಗಳಿಸಿದ್ದು ಸರ್ಕಾರದ ಹಣದಿಂದಲ್ಲವೇ, ಮಾಸ್ತರರ ಸಂಬಳ ಬಂದದ್ದು ಅನುದಾನದಿಂದ ತಾನೆ? ಎರಡರಲ್ಲೂ ಹುರುಳಿದೆ, ಎರಡೂ ನನ್ನ ವಾದವನ್ನೇ ಗಟ್ಟಿ ಮಾಡುತ್ತವೆ. ಮುಂದಾಳು ಬೇಕು ನಿಜ, ಆದರೆ ಅವನೊಬ್ಬನೇ ತರಗತಿಯಲ್ಲಿ ಕೂರಲಾರ. ದುಡಿಯುವ ಕೈಯೊಂದನ್ನು ಮೂರು ವರ್ಷ ಗದ್ದೆಯಿಂದ, ದೋಣಿಯಿಂದ ಬಿಡಿಸಿ ಶಾಲೆಗೆ ಕಳಿಸಿದ ಮನೆಗಳು ತೆತ್ತ ಬೆಲೆ ದಾನಿಗಳ ಫಲಕದಲ್ಲಿಲ್ಲ. ಇನ್ನು ಅನುದಾನ ಬಂದದ್ದು ತೆರಿಗೆಯಿಂದ, ತೆರಿಗೆ ಬಂದದ್ದು ಅದೇ ಜನರಿಂದ. ಊರು ಶಾಲೆ ನಡೆಸಿದರೆ ಸರ್ಕಾರ ಸಂಬಳ ಕೊಡುವ ಈ ಒಪ್ಪಂದ ಈಗ ಎಷ್ಟು ಸಡಿಲಗೊಂಡಿದೆ ಎಂಬುದಕ್ಕೆ, 1995ರ ನಂತರ ಆರಂಭವಾದ ಕನ್ನಡ ಮಾಧ್ಯಮ ಶಾಲೆಗಳು ಅನುದಾನಕ್ಕಾಗಿ ವರ್ಷಗಟ್ಟಲೆ ಬಾಗಿಲು ತಟ್ಟುತ್ತಾ ಬಂದದ್ದೇ ಸಾಕ್ಷಿ.

ಅತಿ ಬಲವಾದ ಆಕ್ಷೇಪ ಇಂದಿನದು. ಮಕ್ಕಳ ಸಂಖ್ಯೆ ಕುಗ್ಗಿದ ಸಣ್ಣ ಹೈಸ್ಕೂಲಿಗೆ ಗಣಿತಕ್ಕೊಬ್ಬರು, ವಿಜ್ಞಾನಕ್ಕೊಬ್ಬರು ಶಿಕ್ಷಕರನ್ನು ಒದಗಿಸುವುದು ಹೇಗೆ? ಕರ್ನಾಟಕ ಪಬ್ಲಿಕ್ ಶಾಲೆಯಂತೆ ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ಪ್ರಯೋಗಾಲಯ, ಗ್ರಂಥಾಲಯ ಕೊಟ್ಟು ಬಸ್ಸು ಬಿಟ್ಟರೆ ಮಕ್ಕಳಿಗೇ ಒಳ್ಳೆಯದಲ್ಲವೇ? ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಪ್ರಯೋಗಾಲಯದ ಬೀಗ ವರ್ಷಪೂರ್ತಿ ತೆಗೆಯದ ಶಾಲೆಯನ್ನು ಚರಿತ್ರೆಯ ಹೆಸರಿನಲ್ಲಿ ಉಳಿಸಿಕೊಳ್ಳುವುದರಿಂದ ಯಾರಿಗೂ ಲಾಭವಿಲ್ಲ. ಆದರೆ ಲೆಕ್ಕ ಹಾಕುವಾಗ ಒಂದು ಬಾಬ್ತು ಸದಾ ಬಿಟ್ಟುಹೋಗುತ್ತದೆ: ದೂರ. ಶಿಕ್ಷಣ ಹಕ್ಕು ಕಾಯ್ದೆ ಎಂಟನೆಯ ತರಗತಿಗೆ ನಿಲ್ಲುತ್ತದೆ. ಒಂಬತ್ತು, ಹತ್ತು ಆ ಹಕ್ಕಿನ ಬೇಲಿಯಾಚೆ. 2009ರ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಾ ಅಭಿಯಾನ ಪ್ರತಿ ಜನವಸತಿಗೆ ಐದು ಕಿಲೋಮೀಟರ್ ಒಳಗೆ ಹೈಸ್ಕೂಲು ಇರಬೇಕೆಂಬ ಗುರಿ ಇಟ್ಟುಕೊಂಡಿತ್ತು, ಆದರೆ ಗುರಿ ತಪ್ಪಿದರೆ ಕೋರ್ಟಿಗೆ ಹೋಗಲಾಗದು. ನಮ್ಮ ಸರ್ಕಾರವೇ 2006ರ ಸುಮಾರಿಗೆ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಹೊರಟದ್ದು, ಹೈಸ್ಕೂಲಿನ ದೂರವೇ ಹುಡುಗಿಯರನ್ನು ಮನೆಯಲ್ಲಿ ಕೂರಿಸುತ್ತದೆ ಎಂಬುದನ್ನು ಒಪ್ಪಿಕೊಂಡಂತೆಯೇ. ಬಸ್ಸು ಬಾರದ ದಿನ ಹುಡುಗ ಯಾರದೋ ಬೈಕು ಹತ್ತಿಯಾನು, ಹುಡುಗಿ ಹಿಂದಿರುಗುತ್ತಾಳೆ. ಅಂಥ ದಿನಗಳು ಹೆಚ್ಚಾದರೆ ಅವಳ ಓದು ಅಲ್ಲಿಗೇ ನಿಲ್ಲುತ್ತದೆ.

ಹಾಗಾಗಿ ಯಾವುದೇ ಹೈಸ್ಕೂಲನ್ನು ಇನ್ನೊಂದಕ್ಕೆ ಸೇರಿಸುವ ಮೊದಲು ಅದರ ಕಬ್ಬಿಣದ ಬೀರುವಿನಲ್ಲಿರುವ ದಾಖಲಾತಿ ರಿಜಿಸ್ಟರು ಹೊರಗೆ ಬರಲಿ. ಮೊದಲ ವರ್ಷ ಎಷ್ಟು ಹುಡುಗಿಯರಿದ್ದರು, ಯಾವ ಕೇರಿಗಳಿಂದ ಬಂದರು, ಹತ್ತನೆಯದಕ್ಕೆ ಮುಂಚೆ ಎಷ್ಟು ಜನ ಬಿಟ್ಟರು, ಬಿಟ್ಟ ಕಾರಣದ ಕಾಲಮ್ಮಿನಲ್ಲಿ ಏನು ಬರೆದಿದೆ ಎಂಬುದನ್ನು ಗ್ರಾಮಸಭೆಯಲ್ಲಿ ಓದಿ ಹೇಳಲಿ. ಆಮೇಲೆ ಇಲಾಖೆ ತನ್ನ ಪ್ರಸ್ತಾವ ಇಡಲಿ, ಬಸ್ಸಿನ ವೇಳಾಪಟ್ಟಿಯ ಸಮೇತ.