ಅಜ್ಜಿ ಕೊಟ್ಟ ಸಾಲ, ಅಕ್ಕ ಕಳಿಸಿದ ಹಾಡು

ಮಕ್ಕಳೇ, ಮನೆಯಲ್ಲಿರುವ ಅಜ್ಜನನ್ನೋ ಅಜ್ಜಿಯನ್ನೋ ಒಮ್ಮೆ ಕೇಳಿ ನೋಡಿ: "ಈಚೆಗೆ ಬಂದ ಹಾಡುಗಳಲ್ಲಿ ನಿಮಗೆ ಇಷ್ಟವಾದದ್ದು ಯಾವುದು?" ಹತ್ತರಲ್ಲಿ ಒಂಬತ್ತು ಮಂದಿ ಸ್ವಲ್ಪ ಯೋಚಿಸಿ, ಪಿ. ಬಿ. ಶ್ರೀನಿವಾಸ್ ಅವರೋ ಎಸ್. ಜಾನಕಿಯವರೋ ಹಾಡಿದ ಒಂದನ್ನು ಹೇಳುತ್ತಾರೆ. ನಮ್ಮ ಲೆಕ್ಕದಲ್ಲಿ ಅದೇ "ಈಚೆಗೆ". ನಗಬೇಡಿ. ಹೊಸ ಹಾಡು ತಾನಾಗಿ ಮುದುಕರ ಮನೆ ಬಾಗಿಲು ತಟ್ಟುವುದಿಲ್ಲ, ನಾವೇ ಹುಡುಕಿಕೊಂಡು ಹೋಗಬೇಕು.

ಎರಡು ವರ್ಷದಿಂದ ನಾನು ಹಾಗೆ ಹುಡುಕುತ್ತಿರುವುದು ಆಸ್ಟ್ರೇಲಿಯಾದ ಹಾಡುಗಳನ್ನು. ಮಗನ ಮನೆ ಮೆಲ್ಬರ್ನ್‌ನಲ್ಲಿ. ಮೊಮ್ಮಗಳು ಅಲ್ಲಿ ಹತ್ತನೇ ತರಗತಿ. ಅಲ್ಲಿನ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಮುಂದೆ, ಅವರ ಬೇಸಿಗೆಯಲ್ಲಿ ಐದೂವರೆ. ನಾನು ಬೆಳಗಿನ ಜಾವ ಎದ್ದು ಕಾಫಿ ಸೋಸಿಕೊಳ್ಳುವ ಹೊತ್ತಿಗೆ ಅವಳಿಗೆ ಭಾನುವಾರದ ತಿಂಡಿ ಮುಗಿದಿರುತ್ತದೆ. ವಾರಕ್ಕೊಂದು ಹಾಡು ಅವಳು ಕಳಿಸಬೇಕು, ನಾನು ಕೇಳಿ ಅಭಿಪ್ರಾಯ ಹೇಳಬೇಕು. ಷರತ್ತು ಒಂದೇ: ಹಾಡಿದವರು ಇನ್ನೂ ಮೇಲೆ ಬರುತ್ತಿರುವ ಇಂಡಿ ತಂಡದವರಾಗಿರಬೇಕು.

ಇಂಡಿ ಅಂದರೆ ಇಂಡಿಪೆಂಡೆಂಟ್. ದೊಡ್ಡ ಕಂಪನಿಯ ಹಂಗಿಲ್ಲದೆ ತಾವೇ ದುಡ್ಡು ಹಾಕಿ, ತಾವೇ ರೆಕಾರ್ಡ್ ಮಾಡಿ, ತಾವೇ ಮಾರುವವರು. 1976ರಲ್ಲಿ ಬ್ರಿಸ್ಬೇನ್‌ನ 'ದಿ ಸೇಂಟ್ಸ್' ಎಂಬ ತಂಡ ತನ್ನ ಖರ್ಚಿನಲ್ಲೇ ಒಂದು ಹಾಡಿನ ಐನೂರು ಪ್ಲೇಟು ಅಚ್ಚು ಹಾಕಿಸಿತು. ಊರಿನಲ್ಲಿ ಕೇಳುವವರು ಅಷ್ಟಕ್ಕಷ್ಟೇ. ರೇಡಿಯೋಗಳಿಗೆ, ಪತ್ರಿಕೆಗಳಿಗೆ ಅಂಚೆಯಲ್ಲಿ ಕಳಿಸಿದರು. ಲಂಡನ್ನಿನ 'ಸೌಂಡ್ಸ್' ವಾರಪತ್ರಿಕೆಯವರು ಅದನ್ನು ಕೇಳಿ ಹೊಗಳಿ ಬರೆದರು. ಆಮೇಲೆ ಕಂಪನಿಯೇ ಹುಡುಗರನ್ನು ಹುಡುಕಿಕೊಂಡು ಬಂತು. ಆ ಪೊಟ್ಟಣವನ್ನು ಪತ್ರಿಕೆಯ ಕಚೇರಿಯಲ್ಲಿ ಯಾರೋ ಒಬ್ಬರು ಬಿಚ್ಚದೆ ಮೂಲೆಗೆ ಎಸೆದಿದ್ದರೆ? ಈ ಪ್ರಶ್ನೆ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಹಾಡಿದವರ ಹೆಸರು ಎಲ್ಲರಿಗೂ ಗೊತ್ತು. ಇನ್ನೂ ಯಾರೂ ಹೊಗಳದಿದ್ದಾಗ ಮೊದಲು ಕಿವಿಗೊಟ್ಟವರು ಯಾರು?

ಅಲ್ಲಿ ಈ ಕೆಲಸಕ್ಕೆಂದೇ ಒಂದು ರೇಡಿಯೋ ಇದೆ. ನಮ್ಮ ಆಕಾಶವಾಣಿಯ ಹಾಗೆ ಅಲ್ಲಿ ಸಾರ್ವಜನಿಕರ ಹಣದಲ್ಲಿ ನಡೆಯುವ ಎಬಿಸಿ ಎಂಬ ಸಂಸ್ಥೆಯುಂಟು. ಅದು 1975ರ ಜನವರಿಯಲ್ಲಿ ಸಿಡ್ನಿಯಲ್ಲಿ ಹರೆಯದವರಿಗಾಗಿ ಒಂದು ನಿಲಯ ಶುರುಮಾಡಿತು. ಅದೇ ಈಗಿನ 'ಟ್ರಿಪಲ್ ಜೆ'. 1995ರಲ್ಲಿ ಈ ನಿಲಯ 'ಅನ್‌ಅರ್ತ್ಡ್' ಎಂಬ ಹುಡುಕಾಟ ಹಮ್ಮಿಕೊಂಡಿತು. ನೆಲ ಅಗೆದು ಹೊರತೆಗೆದದ್ದು ಎಂದು ಅದರ ಅರ್ಥ. ನಮ್ಮ ಹಂಪಿಯಲ್ಲಿ ಅಗೆದು ತೆಗೆಯುತ್ತಾರಲ್ಲ, ಹಾಗೆ. ಮೊದಮೊದಲು ಸಿಕ್ಕಿದ್ದು ಲಿಸ್ಮೋರ್ ಎಂಬ ಊರಿನ 'ಗ್ರಿನ್‌ಸ್ಪೂನ್' ತಂಡ. ಆಗ ಕ್ಯಾಸೆಟ್ಟು, ಸಿಡಿ ಕಳಿಸಬೇಕಿತ್ತು. ಈಗ ಯಾವ ಊರಿನ ಯಾರು ಬೇಕಾದರೂ ತಮ್ಮ ಹಾಡನ್ನು ಅವರ ಜಾಲತಾಣಕ್ಕೆ ಬಿಟ್ಟಿಯಾಗಿ ಏರಿಸಬಹುದು. ನಿಲಯದವರೂ ಕೇಳುಗರೂ ಐದರಲ್ಲಿ ಇಷ್ಟು ನಕ್ಷತ್ರ ಎಂದು ಅಂಕ ಕೊಟ್ಟು ನಾಲ್ಕು ಸಾಲು ಬರೆಯುತ್ತಾರೆ.

ಮಿಸ್ಸಿ ಹಿಗ್ಗಿನ್ಸ್ ಎಂಬ ಹುಡುಗಿಯ ಕತೆ ಕೇಳಿ. ಶಾಲೆಯಲ್ಲಿ ಸಂಗೀತದ ಮೇಷ್ಟ್ರು ಒಂದು ಹಾಡು ಬರೆದು ತರಲು ಹೇಳಿದ್ದರು. ಇವಳು ಕೊನೆಯ ಗಳಿಗೆಯವರೆಗೆ ಸುಮ್ಮನಿದ್ದು, ಒಪ್ಪಿಸಲು ಕೆಲವೇ ಗಂಟೆ ಇರುವಾಗ ಕೂತು ಬರೆದಳು. (ಹೋಂವರ್ಕನ್ನು ಕೊನೆಗೆ ಉಳಿಸಿಕೊಳ್ಳಿ ಎಂದು ನಾನು ಹೇಳಿದ್ದಾಗಿ ಮನೆಯಲ್ಲಿ ಹೇಳಬೇಡಿ.) 2001ರಲ್ಲಿ ಆ ಹಾಡನ್ನು 'ಅನ್‌ಅರ್ತ್ಡ್'ಗೆ ಕಳಿಸಿದ್ದು ಅವಳಲ್ಲ, ಅವಳ ಅಕ್ಕ. ಹಾಡು ಗೆದ್ದಿತು, ರೇಡಿಯೋದಲ್ಲಿ ಬಂತು. ಹುಡುಗಿ ಮೊದಲೇ ಆಸೆಪಟ್ಟಿದ್ದ ಯೂರೋಪ್ ತಿರುಗಾಟ ಬಿಡಲಿಲ್ಲ. ಬೆನ್ನಿಗೆ ಚೀಲ ಹಾಕಿಕೊಂಡು ಹೋಗಿ ಬಂದಳು. 2004ರಲ್ಲಿ ಬಂದ ಅವಳ ಮೊದಲ ಆಲ್ಬಮ್ ಆ ದೇಶದಲ್ಲಿ ಒಂದನೇ ಸ್ಥಾನಕ್ಕೆ ಏರಿತು.

ಹೈಸ್ಕೂಲು ಮಕ್ಕಳಿಗೆಂದೇ ಅದರಲ್ಲಿ ಬೇರೆ ಸ್ಪರ್ಧೆ ಉಂಟು. 2010ರಲ್ಲಿ ಅದನ್ನು ಗೆದ್ದದ್ದು 'ಸ್ಟೋನ್‌ಫೀಲ್ಡ್' ಎಂಬ ನಾಲ್ವರು ಅಕ್ಕತಂಗಿಯರ ತಂಡ. ವಿಕ್ಟೋರಿಯಾ ರಾಜ್ಯದ ಹಳ್ಳಿಗಾಡಿನವರು. ಹಿರಿಯಕ್ಕ ಡ್ರಮ್ ಬಾರಿಸುತ್ತಲೇ ಹಾಡುತ್ತಾಳೆ. ಮರುವರ್ಷವೇ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಅವರ ಹಾಡಾಯಿತು. ನನ್ನ ಕಿವಿಗೆ ಅದು ಸ್ವಲ್ಪ ಜೋರು. ನಮ್ಮವಳಿಗೆ ಬಹಳ ಇಷ್ಟ.

ಈಗ ಅಜ್ಜಿಯ ಸಾಲದ ವಿಷಯ. ಮೆಲ್ಬರ್ನ್‌ನಲ್ಲಿ ಕೋರ್ಟ್ನಿ ಬಾರ್ನೆಟ್ ಎಂಬ ಹುಡುಗಿ ಗಿಟಾರ್ ಹಿಡಿದು ಸಣ್ಣಪುಟ್ಟ ಜಾಗಗಳಲ್ಲಿ ಹಾಡುತ್ತಿದ್ದಳು. ತನ್ನ ಹಾಡುಗಳನ್ನು ಹೊರತರಲು ಅವಳು ಯಾವ ಕಂಪನಿಯ ಬಾಗಿಲನ್ನೂ ಕಾಯಲಿಲ್ಲ. ಅಜ್ಜಿಯ ಹತ್ತಿರ ಸಾಲ ತೆಗೆದುಕೊಂಡು 2012ರಲ್ಲಿ 'ಮಿಲ್ಕ್ ರೆಕಾರ್ಡ್ಸ್' ಎಂಬ ತನ್ನದೇ ಪುಟ್ಟ ಸಂಸ್ಥೆ ಮಾಡಿಕೊಂಡಳು. ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತೈದು ವರ್ಷ ಕಳೆದ ನಾನು ಹೇಳುತ್ತೇನೆ, ಇಂಥ ಯೋಜನೆಗೆ ನಮ್ಮ ಯಾವ ಮ್ಯಾನೇಜರೂ ಸಾಲ ಮಂಜೂರು ಮಾಡುತ್ತಿರಲಿಲ್ಲ. ಜಾಮೀನು ಎಲ್ಲಿ, ಆದಾಯದ ದಾಖಲೆ ಎಲ್ಲಿ ಎನ್ನುತ್ತಿದ್ದರು. ಅಜ್ಜಿಯಂದಿರ ಸಾಲಕ್ಕೆ ಯಾವ ದೇಶದಲ್ಲೂ ಅರ್ಜಿ ನಮೂನೆ ಇರಲಿಕ್ಕಿಲ್ಲ.

2015ರಲ್ಲಿ ಅವಳ ಮೊದಲ ಪೂರ್ತಿ ಆಲ್ಬಮ್ ಬಂತು. ಕೆಲವೊಮ್ಮೆ ಕೂತು ಯೋಚಿಸುತ್ತೇನೆ, ಕೆಲವೊಮ್ಮೆ ಸುಮ್ಮನೆ ಕೂತಿರುತ್ತೇನೆ ಎಂಬರ್ಥದ ಹೆಸರು ಅದಕ್ಕೆ. ಅಜ್ಜಿಯ ಮನೆಯ ಗೋಡೆಯ ಮೇಲಿದ್ದ ಒಂದು ಚಿತ್ರಪಟದಿಂದ ಅವಳು ಎತ್ತಿಕೊಂಡದ್ದು. ನಿವೃತ್ತರಾದ ನಮಗೆಲ್ಲ ಒಪ್ಪುವ ಹೆಸರು, ಅಲ್ಲವೇ?

ಅದರಲ್ಲಿ 'ಡಿಪ್ರೆಸ್ಟನ್' ಎಂಬ ಹಾಡಿದೆ. ಮೆಲ್ಬರ್ನ್‌ನ ಉತ್ತರಕ್ಕಿರುವ ಪ್ರೆಸ್ಟನ್ ಎಂಬ ಬಡಾವಣೆಯ ಹೆಸರನ್ನೇ ತುಸು ತಿರುಚಿದ್ದು. ಊರೊಳಗೆ ಮನೆ ದುಬಾರಿಯೆಂದು ಯುವ ಜೋಡಿಯೊಂದು ಅಷ್ಟು ದೂರ ಮನೆ ನೋಡಲು ಹೋಗುತ್ತದೆ. ಮನೆ ಚೆನ್ನಾಗಿದೆ, ಬೆಲೆಯೂ ಅಗ್ಗ. ಅಲ್ಲಿದ್ದವರು ತೀರಿಕೊಂಡದ್ದರಿಂದ ಮಾರಾಟಕ್ಕೆ ಬಂದದ್ದು ಎಂದು ದಲ್ಲಾಳಿ ಹೇಳುತ್ತಾನೆ. ಆಗ ಹುಡುಗಿಯ ಕಣ್ಣಿಗೆ ಬೇರೆಯವು ಬೀಳತೊಡಗುತ್ತವೆ. ಬಚ್ಚಲಲ್ಲಿ ಜಾರದಂತೆ ಹಿಡಿದುಕೊಳ್ಳಲು ಹಾಕಿಸಿದ ಕಂಬಿ. ಕಾಫಿ, ಚಹಾ, ಹಿಟ್ಟಿನ ಡಬ್ಬಿಗಳ ಸಾಲು. ವಿಯೆಟ್ನಾಂ ಯುದ್ಧಕ್ಕೆ ಹೋಗಿದ್ದ ಒಬ್ಬ ಹುಡುಗನ ಫೋಟೊ. ಅಲ್ಲಿಂದ ಮುಂದೆ ಅವಳಿಗೆ ಮನೆ ಕೊಳ್ಳುವ ಉಮೇದು ಇಲ್ಲ. ಕೊನೆಯಲ್ಲಿ ಹಾಡು, ಕೈಯಲ್ಲಿ ಇನ್ನಷ್ಟು ದುಡ್ಡಿದ್ದರೆ ಇದನ್ನು ಕೆಡವಿ ಹೊಸದು ಕಟ್ಟಬಹುದಲ್ಲ ಎಂಬ ಮಾತನ್ನೇ ಮತ್ತೆ ಮತ್ತೆ ಹೇಳುತ್ತಾ ಹೋಗುತ್ತದೆ. ದುಃಖ ಎಂಬ ಪದ ಎಲ್ಲೂ ಇಲ್ಲ. ದನಿ ಏರಿಸುವುದೂ ಇಲ್ಲ, ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ.

ನಾನು ಎಂಟು ವರ್ಷ ಗೃಹಸಾಲದ ವಿಭಾಗದಲ್ಲಿದ್ದವನು. ಹಳೇ ಮನೆಗಳ ಕಾಗದಪತ್ರ ಎಷ್ಟೋ ನೋಡಿದ್ದೇನೆ. ಅಳತೆ, ಚಕ್ಕುಬಂದಿ, ಕಟ್ಟಡದ ವಯಸ್ಸು, ಬೆಲೆ. ಒಮ್ಮೆ ಸ್ಥಳ ಪರಿಶೀಲನೆಗೆ ಹೋದಾಗ ಒಂದು ಬಾಗಿಲವಾಡದ ಮೇಲೆ ಮಕ್ಕಳ ಎತ್ತರಕ್ಕೆ ಗೀಟು ಹಾಕಿ ತಾರೀಖು ಬರೆದಿದ್ದರು. ಅದಕ್ಕೆ ನಮ್ಮ ನಮೂನೆಯಲ್ಲಿ ಕಲಮು ಇರಲಿಲ್ಲ. ಈ ಹಾಡಿನಲ್ಲಿ ಇರುವುದೆಲ್ಲ ಅಂಥ ಕಲಮುಗಳೇ. ಬಚ್ಚಲಿನ ಕಂಬಿ ನಮ್ಮ ಮನೆಗೂ ಬಂದಿದೆ. ಇಪ್ಪತ್ತೇಳರ ಆಸುಪಾಸಿನ ಹುಡುಗಿಯೊಬ್ಬಳು ಅದನ್ನು ಗಮನಿಸಿ ಹಾಡು ಕಟ್ಟುತ್ತಾಳೆಂದರೆ, ಈಗಿನವರ ಹಾಡಿನಲ್ಲಿ ಏನಿದೆ ಎಂದು ಕೇಳುವ ನನ್ನ ಓರಗೆಯವರು ದಯವಿಟ್ಟು ಇದನ್ನೊಮ್ಮೆ ಕೇಳಬೇಕು.

ಆಸ್ಟ್ರೇಲಿಯಾದ ಹಾಡುಗಳೆಲ್ಲ ಇಂಗ್ಲಿಷಿನವು ಎಂದುಕೊಳ್ಳಬೇಡಿ. ದೇಶದ ಉತ್ತರದ ತುದಿಯಲ್ಲಿ ಆರ್ನೆಮ್ ಲ್ಯಾಂಡ್ ಎಂಬ ಸೀಮೆಯಿದೆ. ಅಲ್ಲಿನ ಮೂಲನಿವಾಸಿಗಳು ಯೋಲ್ಙು ಜನ. ಅಲ್ಲಿ 'ಯೋತು ಯಿಂಡಿ' ಎಂಬ ತಂಡವಿತ್ತು. ಅವರ ನುಡಿಯಲ್ಲಿ ಅದರ ಅರ್ಥ ಮಗು ಮತ್ತು ತಾಯಿ. ಮುಖ್ಯ ಗಾಯಕ ಎಂ. ಯೂನುಪಿಂಗು ಶಾಲೆಯ ಹೆಡ್‌ಮಾಸ್ಟರು. ತಮ್ಮ ಜನರೊಡನೆ ಸರ್ಕಾರ ಒಪ್ಪಂದ ಮಾಡಿಕೊಳ್ಳಬೇಕೆಂದು 1991ರಲ್ಲಿ ಅವರು ಹಾಡಿದ 'ಟ್ರೀಟಿ' ದೇಶವನ್ನೇ ಎಬ್ಬಿಸಿತು. ಈಗ ಆ ತಂಡದವರ ಮುಂದಿನ ತಲೆಮಾರು 'ಕಿಂಗ್ ಸ್ಟಿಂಗ್‌ರೇ' ಎಂಬ ಹೆಸರಿನಲ್ಲಿ ಹಾಡುತ್ತಿದೆ. ಸ್ಟಿಂಗ್‌ರೇ ಅಂದರೆ ನಮ್ಮ ಕರಾವಳಿಯವರು ತೊರಕೆ ಎನ್ನುವ ಮೀನು. ಗಾಯಕ ಯೂನುಪಿಂಗು ಅವರ ಸಂಬಂಧದಲ್ಲಿ ಮಗನಂತಿರುವವನು. ಗಿಟಾರ್ ನುಡಿಸುವವನು ಹಳೇ ತಂಡದ ಬಾಸ್ ಗಿಟಾರ್‌ನವರ ಮಗ. 2020ರಲ್ಲಿ ಮೊದಲ ಹಾಡು ಬಿಟ್ಟರು. 2022ರ ಆಲ್ಬಮ್‌ಗೆ ಆ ವರ್ಷದ ಆಸ್ಟ್ರೇಲಿಯನ್ ಮ್ಯೂಸಿಕ್ ಪ್ರೈಜ್ ಬಂತು. ಅರ್ಧ ಇಂಗ್ಲಿಷ್, ಅರ್ಧ ತಮ್ಮ ನುಡಿ. ಗಿಟಾರಿನ ಜೊತೆಗೆ ಯಿಡಕಿ ಎಂಬ ಉದ್ದನೆಯ ಊದುವ ವಾದ್ಯ. ಒಳಗೆಲ್ಲ ಗೆದ್ದಲು ತಿಂದು ಟೊಳ್ಳಾದ ನೀಲಗಿರಿ ಜಾತಿಯ ಮರದಿಂದ ಅದನ್ನು ಮಾಡುತ್ತಾರೆ. ನಮ್ಮನೆ ಕಿಟಕಿ ಚೌಕಟ್ಟು ತಿಂದ ಗೆದ್ದಲಿಗೆ ನಾನು ಎಣ್ಣೆ ಹೊಡೆಸಿ ಕೂತಿದ್ದೇನೆ, ಅವರು ಅದರಿಂದ ಸಂಗೀತ ತೆಗೆದಿದ್ದಾರೆ! ಊದುವವರು ಕೆನ್ನೆಯಲ್ಲಿ ಗಾಳಿ ತುಂಬಿಟ್ಟುಕೊಂಡು, ಮೂಗಿನಿಂದ ಉಸಿರೆಳೆಯುತ್ತಲೇ ಬಾಯಿಯಿಂದ ಊದುತ್ತಾರೆ. ದನಿ ಕಡಿಯುವುದೇ ಇಲ್ಲ. ಒಂದು ಲೋಟ ನೀರಿಗೆ ಸ್ಟ್ರಾ ಇಟ್ಟು ಗುಳ್ಳೆ ನಿಲ್ಲದಂತೆ ಊದಲು ಪ್ರಯತ್ನಿಸಿ, ಎಷ್ಟು ಕಷ್ಟ ಎಂದು ಗೊತ್ತಾಗುತ್ತದೆ. ಮೇಜಿನ ಮೇಲೆ ಬಟ್ಟೆ ಹಾಸಿಕೊಳ್ಳಿ.

ಇಷ್ಟೆಲ್ಲ ಇದ್ದೂ ಪರಿಸ್ಥಿತಿ ಅಷ್ಟು ಚೆನ್ನಾಗಿಲ್ಲ. ಟ್ರಿಪಲ್ ಜೆ ಪ್ರತಿ ವರ್ಷ ಕೇಳುಗರ ಮತ ಎಣಿಸಿ ನೂರು ಹಾಡುಗಳ ಪಟ್ಟಿ ಮಾಡುತ್ತದೆ. 2024ರ ಪಟ್ಟಿಯಲ್ಲಿ ಅವರದೇ ದೇಶದ ಹಾಡುಗಳು ಮೂವತ್ತನ್ನೂ ಮುಟ್ಟಲಿಲ್ಲ. ಮೂರು ಕೋಟಿಯೂ ಇಲ್ಲದ ಜನ, ಹೆಚ್ಚಿನವರ ಭಾಷೆ ಇಂಗ್ಲಿಷ್. ಅದೇ ಭಾಷೆಯಲ್ಲಿ ಅಮೆರಿಕದಿಂದ, ಇಂಗ್ಲೆಂಡಿನಿಂದ ಹಾಡಿನ ಹೊಳೆ ಹರಿದು ಬರುತ್ತದೆ. ಫೋನಿನ ಆ್ಯಪುಗಳೋ, ಲಕ್ಷಾಂತರ ಜನ ಕೇಳಿದ್ದನ್ನೇ ಇನ್ನೊಬ್ಬರ ಮುಂದೆ ತಂದಿಡುತ್ತವೆ. ನಲವತ್ತೇ ಜನ ಕೇಳಿದ ಹಾಡು ಅಲ್ಲೇ ಕೆಳಗೆ ಉಳಿದುಹೋಗುತ್ತದೆ. ಬಾರ್ನೆಟ್‌ಳ ಮಿಲ್ಕ್ ರೆಕಾರ್ಡ್ಸ್ ಕೂಡ 2023ರಲ್ಲಿ ಬಾಗಿಲು ಹಾಕಿತು.

ಲೆಕ್ಕದವನಾದ್ದರಿಂದ ಇನ್ನೊಂದು ಮಾತು. ಬ್ಯಾಂಡ್‌ಕ್ಯಾಂಪ್ ಎಂಬ ತಾಣದಲ್ಲಿ ತಂಡದವರು ನೇರವಾಗಿ ಹಾಡು ಮಾರುತ್ತಾರೆ. ನೂರು ರೂಪಾಯಿಯ ಹಾಡಿಗೆ ತಾಣದವರು ಹಿಡಿಯುವುದು ಹದಿನೈದು. ಹಣ ಪಾವತಿಯ ಖರ್ಚು ಕಳೆದು ಮಿಕ್ಕದ್ದು ಹಾಡಿದವರಿಗೆ. ದುಡ್ಡು ಕೊಡುವ ಮೊದಲು ಕೇಳಿ ನೋಡಲೂ ಬಹುದು. ನನ್ನ ಮಟ್ಟಿಗೆ ಇದು ಸರಿಯಾದ ವ್ಯವಹಾರ.

ನಾವಿಬ್ಬರೂ ಒಂದು ಹಾಡನ್ನು ಮೂರು ಸಲ ಕೇಳುತ್ತೇವೆ. ಮೊದಲು ರಾಗಕ್ಕೆ. ಆಮೇಲೆ ಮಾತಿಗೆ, ಏಕೆಂದರೆ ಆಸ್ಟ್ರೇಲಿಯಾದವರ ಉಚ್ಚಾರ ನನಗೆ ಒಂದೇ ಸಲಕ್ಕೆ ಹತ್ತುವುದಿಲ್ಲ, ಅವಳು ಬಿಡಿಸಿ ಹೇಳಬೇಕು. ಮೂರನೆಯದು ಕಣ್ಣು ಮುಚ್ಚಿಕೊಂಡು. ಕೆಲವು ಹಾಡುಗಳಲ್ಲಿ ಚಿಕ್ಕವರ ಕಿವಿಗೆ ಬೀಳಬಾರದ ಮಾತುಗಳಿರುತ್ತವೆ. ಅಂಥದ್ದನ್ನು ದೊಡ್ಡವರು ಮೊದಲು ಕೇಳಿ ನೋಡುವುದು ಒಳ್ಳೆಯದು.

ಕಳೆದ ಭಾನುವಾರದ ಹಾಡು ಟ್ಯಾಸ್ಮೇನಿಯಾದ ಮೂವರು ಹುಡುಗರದು. ಗ್ಯಾರೇಜಿನಲ್ಲಿ ರೆಕಾರ್ಡ್ ಮಾಡಿದ್ದಂತೆ. ನಡುವೆ ಎಲ್ಲೋ ಒಂದು ನಾಯಿ ಬೊಗಳಿದ್ದೂ ಸೇರಿಕೊಂಡಿದೆ. ಅನ್‌ಅರ್ತ್ಡ್‌ನಲ್ಲಿ ಅದಕ್ಕೆ ಇನ್ನೂ ಯಾರೂ ಒಂದು ಸಾಲು ಬರೆದಿರಲಿಲ್ಲ. "ಅಜ್ಜ, ಎಷ್ಟು ನಕ್ಷತ್ರ ಹಾಕಲಿ?" ಎಂದಳು. ಹಾಡಿಗೆ ನಾಲ್ಕು, ನಾಯಿಗೆ ಅರ್ಧ ಎಂದೆ. ಅರ್ಧ ಹಾಕಲು ಬರುವುದಿಲ್ಲವಂತೆ.