ಹಿಮಕ್ಕ ನಿಮ್ಮ ರಜೆ ಗೊತ್ತಿಲ್ರೀ

ಸಾಲೋಟಗಿಯವನಾದ ನನಗೆ ಸಣ್ಣವನಿದ್ದಾಗ ಗೊತ್ತಿದ್ದ ಹಿಮ ಅಂದ್ರೆ ಆಣೆಕಲ್ಲು ಮಳೆ ಒಂದೇ. ಮೋಡದ ಬಣ್ಣ ಬದಲಾದರೆ ಸಾಕು, ಅಜ್ಜ ಎತ್ತು ಬಿಚ್ಚಿಕೊಂಡು ಮನೆ ಕಡೆ ಹೊರಡುತ್ತಿದ್ದ. ‘ಇನ್ನ ಎರಡ ಸಾಲ ಉಳದಾವಲ್ಲ’ ಅಂದರೆ, ‘ನಾಳೆ ಹೊಡದರಾತು’ ಅಂತಿದ್ದ.

ಅದೇ ಮನೆಯ ಮೊಮ್ಮಕ್ಕಳು ನಾವು ಬೆಂಗಳೂರಲ್ಲಿ ಕೂತು ಹಿಮಾಲಯದ ಟ್ರೆಕ್ ಬುಕ್ ಮಾಡ್ತೀವಿ. ಗ್ರೂಪಿನಲ್ಲಿ ನೂರು ಪ್ರಶ್ನೆ: ಜಾಕೆಟ್ ಬಾಡಿಗೆಗೆ ಸಿಗುತ್ತಾ, ನೆಟ್‌ವರ್ಕ್ ಇದೆಯಾ? ‘ಹವಾಮಾನ ಕೆಟ್ಟರೆ ವಾಪಸ್ ಬರೋ ನಿರ್ಧಾರ ಯಾರದು?’ ಅಂತ ನಾನು ಕೇಳಿದ್ದಕ್ಕೆ, ‘ನೆಗೆಟಿವ್ ಆಗ್ಬೇಡ ಬ್ರೋ’ ಅಂದರು.

ನೆಗೆಟಿವ್ ಅಲ್ಲಪ್ಪ, ಲೆಕ್ಕ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ದಾರಿಯಲ್ಲಿ 22 ಜನರ ತಂಡ ಹಿಮಗಾಳಿಗೆ ಸಿಕ್ಕಿತು. 9 ಮಂದಿ ತೀರಿಕೊಂಡರು. ತಂಡದ ಬಹುಪಾಲು ಜನ ನಮ್ಮ ಕರ್ನಾಟಕದವರೇ, ಅನುಭವಿಗಳೂ ಇದ್ದರು. ಅಲ್ಲಿ ಹಿಮಕುಸಿತವೂ ಆಗಿರಲಿಲ್ಲ. ಗಾಳಿ, ಚಳಿಯೇ ಸಾಕಾಯಿತು. 2022ರ ಅಕ್ಟೋಬರ್ 4ರಂದು ದ್ರೌಪದಿ ಕಾ ದಂಡಾದಲ್ಲಿ ಹಿಮ ಕುಸಿದಾಗ ಸತ್ತವರು 25ಕ್ಕೂ ಹೆಚ್ಚು. ಅವರು ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ತರಬೇತಿ ತಂಡದವರು.

‘ಹೆಲಿಕಾಪ್ಟರ್ ಬರುತ್ತೆ ಬಿಡು’ ಅನ್ನೋರಿಗೆ ಒಂದು ಮಾತು. ಹಿಮದಡಿ ಹೂತವರನ್ನು ಮೊದಲ ಹದಿನೈದು ನಿಮಿಷದೊಳಗೆ ತೆಗೆದರೆ ಹೆಚ್ಚಿನವರು ಉಳಿಯುತ್ತಾರೆ. ಅರ್ಧ ಗಂಟೆ ದಾಟಿದರೆ ಆಸೆ ಕಮ್ಮಿ. ಅಷ್ಟರಲ್ಲಿ ಅಗೆಯಬೇಕಾದವನು ನಿಮ್ಮ ಪಕ್ಕದಲ್ಲಿ ನಡೆಯುತ್ತಿರುವವನೇ. ಅವನ ಹತ್ತಿರ ಸಲಿಕೆ ಇದೆಯಾ? ನಿಮ್ಮ ಮೈಮೇಲೆ ಸಿಗ್ನಲ್ ಕೊಡುವ ಬೀಕನ್ ಇದೆಯಾ? ಬೆಟದೂರಿನ ಹನುಮಂತಪ್ಪ ಕೊಪ್ಪದ 2016ರಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಇದ್ದು ಜೀವಂತ ಸಿಕ್ಕಿದ್ದನ್ನು ನಾವು ಪವಾಡ ಅಂದೆವು. ಹೊರತೆಗೆದ ಮೂರನೇ ದಿನ ಅವರೂ ಹೋದರು. ಅವರ ಜೊತೆಗಿದ್ದ ಒಂಬತ್ತು ಮಂದಿಗೆ ಪವಾಡ ಆಗಲೇ ಇಲ್ಲ. ಅವರು ಕರ್ತವ್ಯಕ್ಕೆ ಹೋಗಿದ್ದರು. ನಾವು ಹೋಗೋದು ಫೋಟೋಕ್ಕೆ.

ಹೋಗಬೇಡಿ ಅಂತಿಲ್ಲ. ಹಿಂದಿನ ದಿನ ಹೊಸ ಹಿಮ ದಪ್ಪಗೆ ಬಿದ್ದಿದ್ದರೆ, ಗಾಳಿ ಅದನ್ನು ಒಂದೇ ಕಡೆ ಒಟ್ಟಿದ್ದರೆ, ದಿಢೀರನೆ ಬಿಸಿಲೇರಿದರೆ, 30ರಿಂದ 45 ಡಿಗ್ರಿ ಇಳಿಜಾರು ಬಂದೂಕಿನ ಹಾಗೆ. ಕುದುರೆ ಒತ್ತೋದು ಎಷ್ಟೋ ಸಲ ನಮ್ಮದೇ ಕಾಲು. ಇದನ್ನು ಓದಬಲ್ಲ ಗೈಡ್ ಯಾರು, ಅವನು ‘ಬೇಡ’ ಅಂದ ದಿನ ದುಡ್ಡು ವಾಪಸ್ ಬರುತ್ತಾ ಅಂತ ಮೊದಲು ಕೇಳಿ. ವಾಪಸ್ ಬರದ ದುಡ್ಡು, ಸೋಮವಾರದ ಮೀಟಿಂಗು ಸೇರಿಯೇ ಜನರನ್ನು ತುದಿವರೆಗೆ ತಳ್ಳುತ್ತವೆ.

ಉತ್ತರ ಕೊಡದವರಿಗೆ ಅಡ್ವಾನ್ಸ್ ಹಾಕಬೇಡಿ. ಬೆಟ್ಟ ಎಲ್ಲೂ ಹೋಗಲ್ಲ. ನಾಳೆ ಹತ್ತಿದರಾತು.