ತೋರ್ಸೋದೇ ಬೇರೆ, ಕಾಣ್ಸೋದೇ ಬೇರೆ

ಅಕ್ಕದೀರೆ, ಅತ್ಗೆದೀರೆ, ಚಿಗವ್ವದೀರೆ, ನಮ್ಮ ಬೀದಿ ಹೆಣ್ಮಕ್ಕಳೆ,

ಈ ಸಲ ಹಪ್ಪಳ ಸಂಡಿಗೆ ಮಾತಿಲ್ಲ. ಪ್ರೊಜೆಕ್ಟರ್ ಮಾತು. "ಅಯ್ಯೋ, ಅದ್ಯಾಕಮ್ಮಿ ನಮ್ಗೆ, ಹೈಕ್ಳು ನೋಡ್ಕತವೆ ಬುಡು" ಅಂತ ಎದ್ದೋಗ್ಬ್ಯಾಡಿ. ಹಂಗಂದೂ ಹಂಗಂದೂನೇ ನಾವು ಇಲ್ಲೀಗಂಟ ಬಂದಿರೋದು.

ನಾನು ಹೇಳೋದು ಇಷ್ಟೇ. ಪ್ರೊಜೆಕ್ಟರ್‌ಗೆ ಲ್ಯಾಪ್‌ಟಾಪು, ಸ್ಪೀಕರು ಜೋಡ್ಸೋದು ಕಂಪ್ಯೂಟರ್ ಓದಿದೋರ ಕೆಲ್ಸಾನೂ ಅಲ್ಲ, ಗಂಡೈಕ್ಳ ಕೆಲ್ಸಾನೂ ಅಲ್ಲ. ಸಭೇಲಿ ಕುಂತು ಸಹಿ ಹಾಕೋಳು ಯಾರೋ, ಅವಳ ಕೆಲ್ಸ. ಸಂಘಕ್ಕೆ ಇಬ್ಬರಾದ್ರೂ ಹೆಂಗಸ್ರು ಇದನ್ನ ಕಲೀಲೇಬೇಕು. ಕಾಣದ್ದಕ್ಕೆ, ಕೇಳದ್ದಕ್ಕೆ ನಾವು ಸಹಿ ಹಾಕ್ಬಾರ್ದು.

ಯಾಕೆ ಇಷ್ಟು ಬಿರುಸಾಗಿ ಹೇಳ್ತೀನಿ ಅಂದ್ರೆ, ಈಗ ಎಲ್ಲಾ ಮಾತೂ ಗೋಡೆ ಮೇಲೆ ಬಂದ್ಬುಟ್ಟದೆ. ಸ್ತ್ರೀಶಕ್ತಿ ಸಂಘ 2000ನೇ ಇಸವೀಲಿ ಸುರುವಾದಾಗ ಒಂದು ನೋಟ್‌ಬುಕ್ಕು, ಒಂದು ಚಾಪೆ ಇದ್ರೆ ಸಭೆ ನಡೆಯೋದು. ಓದೋಳು ಒಬ್ಬಳು ಗಟ್ಟಿಯಾಗಿ ಓದೋಳು, ಮಿಕ್ಕೋರು ಕೇಳೋರು, ತಿಳೀದಿದ್ರೆ "ಇನ್ನೊಂದ್ಸಲ ಓದವ್ವ" ಅನ್ನೋರು. ಈಗ ಸಾಲದ ವಿಚಾರ, ಹಸ ಸಾಕೋ ತರಬೇತಿ, ಮಕ್ಕಳ ಲಸಿಕೆ, ಪಂಚಾಯ್ತಿ ಲೆಕ್ಕ, ಶಾಲೆ ಪೋಷಕರ ಸಭೆ, ಎಲ್ಲಾದಕ್ಕೂ ಒಬ್ಬ ಲ್ಯಾಪ್‌ಟಾಪ್ ಬ್ಯಾಗ್ ನೇತಾಕ್ಕಂಡು ಬರ್ತಾನೆ. ಪಂಚಾಯ್ತೀಲಿ ನೂರಕ್ಕೆ 50 ಸೀಟು ಹೆಣ್ಮಕ್ಕಳಿಗೆ ಅಂತ ನಮ್ಮ ರಾಜ್ಯದಲ್ಲಿ ಕಾನೂನೇ ಐತೆ. ಕುರ್ಚಿ ಕೊಟ್ರು ಸರಿ. ಆ ಕುರ್ಚೀಲಿ ಕುಂತೋಳಿಗೆ ಗೋಡೆ ಮೇಲಿನ ಅಕ್ಷರ ಕಾಣ್ತದಾ ಅಂತ ಯಾರು ನೋಡಿದ್ರು?

ಹೋದ ವರ್ಸ ನಮ್ಮ ಹೇಮಗಿರಿ ಸೀಮೇಲೇ ಒಂದು ಸಭೆ ಆಯ್ತು. ಕರೆದೋರು ಯಾರು ಅನ್ನೋದು ಬ್ಯಾಡ ಬುಡಿ. ನಲವತ್ತು ಜನ ಹೆಂಗಸ್ರು ನಾಟಿ ಕೆಲ್ಸ ಬುಟ್ಟು, ಹಸ ಕರ ಕಟ್ಟಾಕಿ ಬಂದಿದ್ರು. ಮಟಮಟ ಮಧ್ಯಾಹ್ನ, ಕಿಟಕಿಗಳೆಲ್ಲ ತೆರೆದೇ ಇದ್ವು. ಬಂದ ಹುಡುಗ ಗೋಡೆ ಮೇಲೆ ಬೆಳಕು ಬುಟ್ಟ. ತೊಳೆದ ಬಟ್ಟೆ ಮೇಲಿನ ಹಳೇ ಕಲೆ ಥರ ಏನೋ ಒಂದು ಕಾಣ್ತು. ಆಮೇಲೆ ವೀಡಿಯೋ ಹಾಕ್ದ. ಸದ್ದು ಲ್ಯಾಪ್‌ಟಾಪಿನ ಒಳಗಿನ ಪುಟಾಣಿ ಸ್ಪೀಕರಿಂದ ಬಂತು. ಮುಂದೆ ಕುಂತ ಐದಾರು ಜನಕ್ಕೆ ಕೇಳ್ತು. ಹಿಂದಿನೋರಿಗೆ ಫ್ಯಾನಿನ ಸದ್ದೇ ಗತಿ. ಮುಗಿದ ಮೇಲೆ ಟೀ ಕೊಟ್ರು, ಪಟ್ಟಿ ತಂದ್ರು, ನಲವತ್ತು ಸಹಿ ಬಿದ್ವು.

ಸಾಲದ ದುಡ್ಡು ಕೈಗೆ ಬಂದಾಗ ಎಲ್ಲರಿಗೂ ಕಮ್ಮಿ. ಏನಪ್ಪಾ ಅಂದ್ರೆ ವಿಮೆ ಅಂತ ಮೊದ್ಲೇ ಹಿಡ್ಕಂಡವ್ರೆ. ಕೇಳಿದ್ದಕ್ಕೆ ಬಂದ ಉತ್ತರ: "ಅವತ್ತೇ ಪರದೆ ಮೇಲೆ ತೋರ್ಸಿದ್ವಲ್ಲಮ್ಮ, ನೀವೇ ಸಹಿ ಹಾಕಿದೀರಲ್ಲ."

ನನ್ನ ಹೊಟ್ಟೆ ಉರಿದದ್ದು ಅಲ್ಲೇ. ತೋರ್ಸೋದೇ ಬೇರೆ, ಕಾಣ್ಸೋದೇ ಬೇರೆ ಕನ್ರವ್ವ. ಗೋಡೆ ಮೇಲೆ ಬೆಳಕು ಬುಟ್ಟರೆ ಅವರ ಕೆಲ್ಸ ಮುಗೀತು ಅನ್ನೋದಾದ್ರೆ, ಆ ಪ್ರೊಜೆಕ್ಟರ್ ಇರೋದು ನಮಗೆ ತಿಳಿಸಕ್ಕಲ್ಲ. ತಿಳಿಸಿದೀವಿ ಅಂತ ಬರ್ಕಳ್ಳಕ್ಕೆ. ಸಾಲದ ವಿವರಾನ ಸಾಲಗಾರರಿಗೆ ಅರ್ಥ ಆಗೋ ಭಾಷೇಲಿ ಕಾಗದದಲ್ಲೇ ಕೊಡ್ಬೇಕು, ಒಪ್ಪಿಗೆ ಇಲ್ದೆ ವಿಮೆ ಗಿಮೆ ಅಂಟಿಸಬಾರದು ಅಂತ ರಿಸರ್ವ್ ಬ್ಯಾಂಕು 2022ರಲ್ಲೇ ಕಿರುಸಾಲ ಕೊಡೋರಿಗೆ ಹೇಳಿದೆ. ಗೋಡೆ ಮೇಲೆ ತೋರ್ಸಿದ್ದು ಕಾಗದಕ್ಕೆ ಸಮ ಅಲ್ಲ. ಇದನ್ನ ಮೊದ್ಲು ನೆಪ್ಪಿಟ್ಕಳಿ.

ಇನ್ನು ಆ ಯಂತ್ರದ ವಿಚಾರ. ನನ್ನ ಅಣ್ಣನ ಮಗಳು ನಾಗಮಂಗಲದ ಕಡೆ ಮೇಷ್ಟ್ರು. ಅವಳ ತಾವ ಕುಂತು ಎಲ್ಡು ಮಧ್ಯಾಹ್ನದಲ್ಲಿ ತಿಳ್ಕಂಡೆ. ಪ್ರೊಜೆಕ್ಟರ್‌ಗೆ ಬೇಕಾದ್ದು ಮೂರು: ಕರೆಂಟು, ಚಿತ್ರ, ಸದ್ದು. ಮೂರಕ್ಕೂ ಮೂರು ದಾರಿ. ನಮ್ಮ ಸಭೆಗಳಲ್ಲಿ ಕೆಡೋದು ಬಹುಪಾಲು ಮೂರನೇದು. ಯಾಕಂದ್ರೆ ಚಿತ್ರ ಬಂದ ತಕ್ಷಣ ಬಂದೋರು ಗೆದ್ವು ಅನ್ಕತಾರೆ.

ಚಿತ್ರದ ದಾರಿ ಎಲ್ಡು ಥರ. ಹಳೇದು ವಿಜಿಎ. ಸಾಮಾನ್ಯವಾಗಿ ನೀಲಿ ಬಣ್ಣದ ತುದಿ, ಮೂರು ಸಾಲಲ್ಲಿ 15 ಸೂಜಿ, ಅಕ್ಕಪಕ್ಕ ಎಲ್ಡು ತಿರುಪು. 1987ರಲ್ಲಿ ಬಂದದ್ದು. ಇದು ಚಿತ್ರ ಮಾತ್ರ ಹೊರ್ತದೆ, ಸದ್ದು ಹೊರಲ್ಲ. ಎಷ್ಟು ಜನ ಇದು ಗೊತ್ತಿಲ್ದೆ "ಸೌಂಡ್ ಬತ್ತಿಲ್ಲ, ಪ್ರೊಜೆಕ್ಟರ್ ಕೆಟ್ಟೋಗದೆ" ಅಂತ ಮಡಚಿಟ್ಟು ಹೋಗಿದಾರೋ! ಹೊಸದು ಎಚ್‌ಡಿಎಂಐ. ಚಪ್ಪಟೆ ಬಾಯಿ, ಕೆಳಗಡೆ ಎಲ್ಡು ಮೂಲೆ ಕತ್ತರಿಸಿದಂಗಿರ್ತದೆ. ಚಿತ್ರ, ಸದ್ದು ಎಲ್ಡನ್ನೂ ಒಂದೇ ವೈರು ಹೊರ್ತದೆ. ಹಳೇ ಪ್ರೊಜೆಕ್ಟರ್‌ಗೆ ವಿಜಿಎ ಮಾತ್ರ, ಹೊಸ ಲ್ಯಾಪ್‌ಟಾಪಿಗೆ ಎಚ್‌ಡಿಎಂಐ ಮಾತ್ರ ಅಂತಿದ್ರೆ ನಡುವೆ ಕನ್ವರ್ಟರ್ ಬೇಕು. ಅಂಗಡೀಲಿ "ಎಚ್‌ಡಿಎಂಐ ಇಂದ ವಿಜಿಎಗೆ" ಅಂತ ದಿಕ್ಕು ಹೇಳಿ ತಗಳಿ. ಅದು ಪಂಪ್‌ಸೆಟ್ಟಿನ ಫುಟ್‌ವಾಲ್ವ್ ಇದ್ದಂಗೆ, ಒಂದು ಕಡೆಗೆ ಮಾತ್ರ ಬುಡ್ತದೆ. ಫೋನಿಂದ ತೋರಿಸ್ತೀವಿ ಅನ್ನೋರು ಇನ್ನೊಂದು ತಿಳ್ಕಳಿ: ಟೈಪ್ ಸಿ ತೂತು ನೋಡಕ್ಕೆ ಒಂದೇ ಥರ ಇದ್ರೂ ಎಲ್ಲಾ ಫೋನೂ ಅದರಿಂದ ಚಿತ್ರ ಕಳ್ಸಲ್ಲ.

ವೈರು ಸಿಗಿಸಿದ ಮೇಲೂ "ನೋ ಸಿಗ್ನಲ್" ಅಂತ ಬಂದ್ರೆ ಯಾರೂ ಅಳ್ಬೇಕಾಗಿಲ್ಲ. ಪ್ರೊಜೆಕ್ಟರ್ ಮೇಲೆ ಸೋರ್ಸ್ ಇಲ್ಲಾ ಇನ್‌ಪುಟ್ ಅಂತ ಗುಂಡಿ ಇರ್ತದೆ. ಯಾವ ತೂತಿಗೆ ಸಿಗಿಸಿದೀವೋ ಅದರ ಹೆಸರು ಬರೋಗಂಟ ಒತ್ತಿ. ಆಮೇಲೆ ಲ್ಯಾಪ್‌ಟಾಪಲ್ಲಿ ವಿಂಡೋಸ್ ಗುರುತಿನ ಗುಂಡಿ ಹಿಡ್ಕಂಡು ಪಿ ಒತ್ತಿ, ಡುಪ್ಲಿಕೇಟ್ ಆರಿಸ್ಕಳಿ. ಅಲ್ಲಿರೋದು ಇಲ್ಲೂ ಕಾಣ್ತದೆ. ಅಷ್ಟೇ ಮಂತ್ರ.

ಸದ್ದಿಗೆ ಬನ್ನಿ. ಪ್ರೊಜೆಕ್ಟರ್ ಒಳಗೆ ಸ್ಪೀಕರ್ ಇದ್ರೂ ಅದು ಕೆಲವೇ ವ್ಯಾಟಿಂದು. ಕೆಲವಕ್ಕೆ ಇಲ್ಲವೇ ಇಲ್ಲ. ನಲವತ್ತು ಜನಕ್ಕೆ ಅದು ಸಾಲಲ್ಲ. ಆದ್ರೆ ನಮ್ಮೂರ ಕಡೆ ಸದ್ದಿಗೇನು ಬರವಾ? ಹೇಮಗಿರಿ ದನಗಳ ಜಾತ್ರೇಲಿ ಮೈಕ್‌ಸೆಟ್ಟು, ಗಣಪತಿ ಕೂರಿಸಿದ್ರೆ ಮೈಕ್‌ಸೆಟ್ಟು, ಮದ್ವೆಗೆ, ಆರತಕ್ಷತೆಗೆ ಮೈಕ್‌ಸೆಟ್ಟು. ಸಂಘದ ಸಭೆಗೆ ಮಾತ್ರ ಲ್ಯಾಪ್‌ಟಾಪಿನ ಗುಟುಕು ಸದ್ದು! ಅದೇ ಮೈಕ್‌ಸೆಟ್ಟಿನ ಆಂಪ್ಲಿಫಯರ್ ಹಿಂದೆ ಆಕ್ಸ್ ಅಂತ ಕೆಂಪು, ಬಿಳಿ ಎಲ್ಡು ತೂತಿರ್ತವೆ. ಲ್ಯಾಪ್‌ಟಾಪಿಗೆ ಇಯರ್‌ಫೋನ್ ಹಾಕೋ ತೂತಿಂದ ಅಲ್ಲಿಗೆ ಒಂದು ವೈರು. ಒಂದು ತುದಿ ಇಯರ್‌ಫೋನ್ ಪಿನ್ನು, ಇನ್ನೊಂದು ತುದಿ ಕೆಂಪು, ಬಿಳಿ. ಹಳೇ ಡಿವಿಡಿ, ಟಿವಿ ವೈರು ನೋಡಿದೋರಿಗೆ ಬಣ್ಣದ ಗುರುತು ಗೊತ್ತೇ ಐತೆ: ಹಳದಿ ಚಿತ್ರಕ್ಕೆ, ಕೆಂಪು ಬಿಳಿ ಸದ್ದಿಗೆ. ಆಂಪ್ಲಿಫಯರ್ ಸದ್ದು ಪೂರ್ತಿ ಇಳಿಸಿ, ಸಿಗಿಸಿ, ಆಮೇಲೆ ನಿಧಾನಕ್ಕೆ ಏರಿಸಿ. ಎಚ್‌ಡಿಎಂಐ ಹಾಕಿದಾಗ ಲ್ಯಾಪ್‌ಟಾಪು ಸದ್ದನ್ನ ತಾನೇ ಪ್ರೊಜೆಕ್ಟರ್ ಕಡೆಗೆ ತಿರುಗಿಸ್ಬುಡಬೋದು. ಆಗ ಕೆಳಗಡೆ ಮೂಲೇಲಿರೋ ಸ್ಪೀಕರ್ ಗುರುತು ಒತ್ತಿ ಬೇಕಾದ್ದನ್ನ ಆರಿಸ್ಕಳಿ. ಗುಂಯ್ ಅಂತ ಶಬ್ದ ಬಂದ್ರೆ ಮೂರೂ ಪ್ಲಗ್ಗನ್ನ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಿ ನೋಡಿ. ಅರ್ತಿಂಗ್ ಪಿನ್ನು ಮಾತ್ರ ಯಾವತ್ತೂ ಮುರೀಬ್ಯಾಡಿ.

ಸ್ಪೀಕರ್ ಎಲ್ಲಿಡಬೇಕು ಅನ್ನೋದಕ್ಕೆ ಟೆಂಟ್ ಸಿನಿಮಾ ನೆನೆಸ್ಕಳಿ. ಪ್ರೊಜೆಕ್ಟರ್ ಹಿಂದ್ಗಡೆ, ಸ್ಪೀಕರ್ ಮುಂದ್ಗಡೆ ಪರದೆ ತಾವ. ಆ ಕಾಲದ ರೀಲಲ್ಲಿ ಚಿತ್ರದ ಪಕ್ಕದಲ್ಲೇ ಸದ್ದೂ ಒಂದು ಗೆರೆಯಾಗಿ ಅಚ್ಚಾಗಿರ್ತಿತ್ತು. ಅದರ ಮೇಲೆ ಬೆಳಕು ಹಾಯ್ಸಿ ಸದ್ದು ತೆಗೀತಿದ್ರು. ಚಿತ್ರ ಬುಟ್ಟು ಸದ್ದಿಲ್ಲ, ಸದ್ದು ಬುಟ್ಟು ಚಿತ್ರವಿಲ್ಲ. ಸರ್ಕಾರದ ಪ್ರಚಾರದ ವ್ಯಾನು ಊರಿಗೆ ಬಂದು ಬಿಳೀ ಬಟ್ಟೆ ಕಟ್ಟಿ ಸಿನಿಮಾ ತೋರಿಸ್ತಿದ್ದಾಗ ಕತ್ತಲಾಗೋಗಂಟ ಕಾಯೋರು, ಹಿಂದೆ ನಿಂತೋರಿಗೂ ಕೇಳೋಹಂಗೆ ಇಡೋರು. ಅವತ್ತಿನ ಓದದ ಆಪರೇಟರಿಗೆ ಇದ್ದ ಗ್ಯಾನ ಇವತ್ತಿನ ಟೈ ಕಟ್ಟಿದೋನಿಗೆ ಯಾಕಿಲ್ಲ? ಅವನಿಗೆ ನೋಡೋರು ಬೇಕಾಗಿತ್ತು. ಇವನಿಗೆ ಸಹಿ ಸಾಕು.

ಈಗ ನೀವು ಏನಂತೀರೋ ಗೊತ್ತು. "ಶಾಕ್ ಹೊಡುದ್ರೆ?" ಅಂತೀರಿ. ಎಚ್‌ಡಿಎಂಐ ವೈರಲ್ಲಿ ಇರೋದು 5 ವೋಲ್ಟು. ವಿಜಿಎಯ ಚಿತ್ರದ ತಂತೀಲಿ 1 ವೋಲ್ಟೂ ಇರಲ್ಲ. ಗೋಡೆ ಪ್ಲಗ್ಗಲ್ಲಿ 230. ತೋಟದ ಮೋಟ್ರು ಸ್ಟಾರ್ಟರ್ ಡಬ್ಬದಲ್ಲಿ 415. ರಾತ್ರಿ ಹನ್ನೊಂದಕ್ಕೆ ತ್ರೀ ಫೇಸ್ ಬಂತು ಅಂದ್ರೆ, ಮಳೇಲಿ ನೆನೆದ ಕಾಲಲ್ಲಿ, "ಹೋಗಿ ಮೋಟ್ರು ಆನ್ ಮಾಡ್ಬುಟ್ಟು ಬಾರಮ್ಮಿ" ಅಂತ ನಮ್ಮನ್ನೇ ಕಳಿಸ್ತಾರೆ. ಅಲ್ಲಿ ಹೆಣ್ಣಿನ ಕೈಗೆ ಏನೂ ಆಗಲ್ಲ, ಐದು ವೋಲ್ಟಿನ ವೈರು ಮುಟ್ಟಿದ್ರೆ ಮಾತ್ರ "ಅಯ್ಯೋ, ಮುಟ್ಬ್ಯಾಡ!" ಇದ್ಯಾವ ನ್ಯಾಯ?

"ಹಾಳಾಗೋದ್ರೆ?" ಅಂತೀರಿ. ಗ್ಯಾಸ್ ರೆಗ್ಯುಲೇಟರ್ ಕೂರಿಸ್ತೀವಿ, ಕುಕ್ಕರ್ ಗ್ಯಾಸ್ಕೆಟ್ ಹಾಕ್ತೀವಿ, ಮಿಕ್ಸಿ ಜಾರು ಯಾವ ದಿಕ್ಕಿಗೆ ಕುಂತ್ಕತದೆ ಅಂತ ಕತ್ತಲಲ್ಲೂ ಗೊತ್ತು. ತಿರುಗುಮುರುಗಾಗಿ ಹೋಗದಂಗೇ ಈ ವೈರಿನ ಬಾಯಿ ಮಾಡಿರ್ತಾರೆ, ಬಲವಂತ ಮಾಡ್ದೆ ಇದ್ರೆ ಸಾಕು. ಬಲ್ಬಿನ ಪ್ರೊಜೆಕ್ಟರ್ ಆದ್ರೆ ಆಫ್ ಮಾಡಿದ ಮೇಲೆ ಒಳಗಿನ ಫ್ಯಾನು ನಿಲ್ಲೋಗಂಟ ಗೋಡೆ ಸ್ವಿಚ್ಚು ತೆಗೀಬಾರ್ದು. ಬಿಸಿ ಬಾಣ್ಲಿಗೆ ತಣ್ಣೀರು ಹುಯ್ಯದೋಳಿಗೆ ಇದನ್ನ ಬೇರೆ ಹೇಳ್ಬೇಕಾ?

"ಇದೆಲ್ಲ ಗಂಡಸ್ರ ಕೆಲ್ಸ" ಅನ್ನೋರಿಗೆ ಒಂದು ಮಾತು. 1946ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಎನಿಯಾಕ್ ಅಂತ ಕಂಪ್ಯೂಟರನ್ನ ಜನಕ್ಕೆ ತೋರ್ಸಿದ್ರು. ಒಂದು ದೊಡ್ಡ ಕೋಣೆ ತುಂಬಾ ಯಂತ್ರ. ಅದಕ್ಕೆ ಕೆಲ್ಸ ಹೇಳೋದು ಅಂದ್ರೆ ವೈರು ಕಿತ್ತು ವೈರು ಸಿಗಿಸೋದು, ಸ್ವಿಚ್ಚು ತಿರುಗಿಸೋದು. ಆ ಕೆಲ್ಸ ಮಾಡಿದೋರು ಆರು ಜನ ಹೆಣ್ಮಕ್ಕಳು. ಕಲಿಸೋ ಪುಸ್ತಕಾನೂ ಇರಲಿಲ್ಲ, ನಕ್ಷೆ ನೋಡ್ಕಂಡೇ ಕಲಿತ್ರು. ತೋರ್ಸಿದ ದಿನ ರಾತ್ರಿ ದೊಡ್ಡೋರಿಗೆಲ್ಲ ಊಟ, ಇವರನ್ನ ಮಾತ್ರ ಕರೀಲಿಲ್ಲ. ಅವರಿಗೆ ತಕ್ಕ ಗೌರವ ಸಿಕ್ಕಿದ್ದು 1997ರಲ್ಲಿ, 51 ವರ್ಸ ಕಳೆದ ಮೇಲೆ. ಕಂಪ್ಯೂಟರಿನ ವೈರು ಹೆಣ್ಣಿನ ಕೈಗೆ ಹೊಸದಲ್ಲ. ಹೆಣ್ಣಿನ ಹೆಸರು ಅಳಿಸೋದೂ ಹೊಸದಲ್ಲ.

"ಬಂದೋನ ಕೆಲ್ಸ ನಾವ್ಯಾಕೆ ಮಾಡ್ಬೇಕು?" ಅನ್ನೋರೂ ಇದ್ದೀರಿ. ಈ ಮಾತು ಸರಿ. ಅವನಿಗೆ ಸಂಬಳ ಐತೆ, ಅವನೇ ಮಾಡ್ಲಿ. ಆದ್ರೆ ಅನ್ನ ಬೆಂದಿದೆಯೋ ಇಲ್ಲವೋ ಅಂತ ನೋಡಕ್ಕೆ ಅಗುಳು ಹಿಚುಕೋದು ಗೊತ್ತಿರ್ಬೇಕಲ್ಲ. "ಟೆಕ್ನಿಕಲ್ ಪ್ರಾಬ್ಲಂ" ಅಂದ್ಬುಟ್ಟು ಅವನು ಕೈ ಒದರಿದಾಗ, "ಸೋರ್ಸ್ ಒತ್ತಪ್ಪ, ಆಕ್ಸಿಗೆ ವೈರು ಹಾಕಪ್ಪ" ಅನ್ನೋ ಒಬ್ಬಳು ಆ ನಲವತ್ತರಲ್ಲಿ ಇದ್ರೆ, ಆಟ ಅಲ್ಲಿಗೇ ಮುಗೀತು.

ಅದಕ್ಕೇ ನಾವು ಇನ್ಮೇಲೆ ಮಾಡ್ಬೇಕಾದ್ದು ಹೇಳ್ತೀನಿ. ಒಂದು, ಪ್ರತಿ ಸಂಘದ ಟ್ರಂಕಲ್ಲಿ ಪಾಸ್‌ಬುಕ್ಕಿನ ಜೊತೆ ಒಂದು ಎಚ್‌ಡಿಎಂಐ ವೈರು, ಒಂದು ಕನ್ವರ್ಟರು, ಒಂದು ಸದ್ದಿನ ವೈರು ಇರ್ಲಿ. ಕೆ.ಆರ್. ಪೇಟೆಗೆ ಸಂತೆಗೆ ಹೋದಾಗ ತರೋ ಸಾಮಾನೇ ಇವು. ಎಲ್ಡು, ಸಭೆ ಸುರುವಾಗೋಕೆ ಮೊದ್ಲು ನಮ್ಮೋಳೊಬ್ಬಳು ಕಟ್ಟಕಡೇ ಸಾಲಲ್ಲಿ ಕುಂತು ಗೋಡೆ ಮೇಲಿನದನ್ನ ಓದಿ ಹೇಳ್ಬೇಕು. ಅವಳಿಗೆ ಕಾಣದಿದ್ರೆ ಕಿಟಕಿಗೆ ಜಮಖಾನ ಕಟ್ಟಿ, ಅಕ್ಷರ ದೊಡ್ಡದು ಮಾಡ್ಸಿ. ಮೂರು, ಸದ್ದು ಹಿಂದಿನೋರಿಗೆ ಕೇಳದಿದ್ರೆ ಸಭೆ ಮುಂದಕ್ಕೆ ಹೋಗ್ಬಾರ್ದು. ನಾಕು, ಗೋಡೆ ಮೇಲೆ ತೋರ್ಸಿದ್ದೆಲ್ಲ ಕನ್ನಡದಲ್ಲಿ ಕಾಗದದ ಮೇಲೆ ಕೈಗೆ ಬರ್ಬೇಕು. ಬರೋಗಂಟ ಪೆನ್ನು ಮುಟ್ಬ್ಯಾಡಿ.

ಪಾಂಡವಪುರದ ಚಿಗವ್ವ, ಶ್ರೀರಂಗಪಟ್ಣದ ಅತ್ಗೆ, ನಿಮ್ಮೂರಲ್ಲೂ ಇದೇ ಕತೆ ಅಂತ ನಂಗೊತ್ತು. ನೀವೂ ಸುರು ಹಚ್ಕಳಿ. ನಮ್ಮ ಬೀದಿಯೋರಿಗೆ: ವೈರು ಮೂರೂ ನನ್ನ ತಾವ ಅವೆ, ಬೇಕಾದೋರು ಬಂದು ಇಸ್ಕಂಡೋಗಿ. ವಾಪಸ್ ಮಾತ್ರ ತಂದ್ಕೊಡಿ. ನನ್ನ ಇಡ್ಲಿ ತಟ್ಟೆಗೆ ಆದ ಗತಿ ಇವಕ್ಕೂ ಮಾಡ್ಬ್ಯಾಡಿ.